ಕ್ಲಿಯರ್ ಅಂದವರು ಯಾರು

ಕ್ಲಿಯರ್ ಅನ್ನುವ ಇಂಗ್ಲಿಷ್ ಶಬ್ದ ರೋಣದ ಕಡೆಗೆ ಯಾವ ಬಸ್ಸು ಹತ್ತಿ ಬಂತೋ ಯಾರಿಗೂ ಗೊತ್ತಿಲ್ಲ. ಇಳಿದ ಮೇಲಂತೂ ತಿರುಗಿ ಹೋಗಲೇ ಇಲ್ಲ. ಹುಡುಗಿ ಪಾಸಾದರೆ ಎಲ್ಲ ಸಬ್ಜೆಕ್ಟೂ ಕ್ಲಿಯರ್. ಬೆಳಿಗ್ಗೆ ಎದ್ದ ಮುದುಕ ಹೊಟ್ಟೆ ಕ್ಲಿಯರ್ ಆಗಲಿಲ್ಲ ಅಂತ ಮುಖ ಹಿಂಡುತ್ತಾನೆ. ಫೋನಿನಲ್ಲಿ ಮಾತು ಕ್ಲಿಯರ್ ಕೇಳುವುದಿಲ್ಲ, ಹೊಲದ ಪಹಣಿ ಉತಾರ ಕ್ಲಿಯರ್ ಇರುವುದಿಲ್ಲ. ಇಷ್ಟು ಅಗ್ಗದ, ಸೋವಿ ಶಬ್ದಕ್ಕೆ ಯಾರಾದರೂ ಹೆದರುತ್ತಾರೇನು, ನೀವೇ ಹೇಳಿರಿ. ಜಬೀನ ಹೆದರುತ್ತಿದ್ದಳು. ಅವಳ ಹೆದರಿಕೆಗೆ ಕಾರಣವಿತ್ತು.

ರೋಣದಿಂದ ಅಸೂಟಿಯ ಕಡೆ ಹೊರಟರೆ ಎರೆಹೊಲಗಳ ನಡುವೆ ಒಂದು ಕರೆಂಟಿನ ಸ್ಟೇಷನ್ ಸಿಗುತ್ತದೆ. ಅಲ್ಲಿ ಅವಳು ಆಪರೇಟರ್. ಒಂದು ಕೋಣೆ, ಗೋಡೆಗುಂಟ ನಿಂತ ಕಬ್ಬಿಣದ ಪ್ಯಾನೆಲ್ಲುಗಳು, ಒಂದು ಟೇಬಲ್ಲು, ದಪ್ಪನೆಯ ಲಾಗ್‌ಬುಕ್ಕು, ದಿನವಿಡೀ ಗುಂಯ್ ಅನ್ನುವ ಸದ್ದು. ಇಲ್ಲಿಂದ ನಾಲ್ಕು ಲೈನುಗಳು ಹಳ್ಳಿಗಳಿಗೆ ಹೋಗುತ್ತವೆ. ಕಂಬದ ಮೇಲೆ ಕೆಲಸ ಬಿದ್ದಾಗ ಲೈನ್‌ಮನ್ ಫೋನ್ ಮಾಡುತ್ತಾನೆ. ಇವಳು ಆ ಲೈನಿನ ಹ್ಯಾಂಡಲ್ ತಿರುವಿ ಕರೆಂಟು ತೆಗೆದು, ಕೀಲಿ ಜಡಿದು, ಕೆಂಪು ಹಲಗೆ ತೂಗುಹಾಕಿ, ಹತ್ತಿರಿ ಅನ್ನುತ್ತಾಳೆ. ಅವನು ಹತ್ತುತ್ತಾನೆ. ಕೆಲಸ ಮುಗಿಸಿ ಇಳಿದು ಫೋನಿನಲ್ಲಿ 'ಕ್ಲಿಯರ್' ಅಂದರೆ ಇವಳು ಕರೆಂಟು ಬಿಡುತ್ತಾಳೆ. ವ್ಯವಹಾರ ಇಷ್ಟೇ. ಆದರೆ ಆ ಒಂದು ಶಬ್ದದ ಬೆನ್ನಿಗೆ ಹನ್ನೊಂದು ಸಾವಿರ ವೋಲ್ಟು ನಿಂತಿರುತ್ತದೆ.

ಜಬೀನಳ ಅಪ್ಪ ಮೋದಿನಸಾಬ ಲೈನ್‌ಮನ್ ಆಗಿದ್ದ. ಹನ್ನೆರಡು ವರ್ಷದ ಹಿಂದೆ ಗಜೇಂದ್ರಗಡದ ಕಡೆ ಒಂದು ಕಂಬದ ಮೇಲಿದ್ದಾಗ, ಕೆಳಗೆ ಇಟ್ಟಿದ್ದ ಅವನ ಫೋನು ತೆಗೆದುಕೊಂಡು ಯಾರೋ ಪುಣ್ಯಾತ್ಮ 'ಕ್ಲಿಯರ್' ಅಂದ. ಯಾರು ಅಂದರು ಅನ್ನುವುದು ಇವತ್ತಿಗೂ ಗೊತ್ತಾಗಿಲ್ಲ. ಆಗ ಪಿಯುಸಿ ಓದುತ್ತಿದ್ದ ಮಗಳಿಗೆ ಮುಂದೆ ತೀರಿಕೊಂಡ ಅಪ್ಪನ ಜಾಗದಲ್ಲಿ ನೌಕರಿ ಸಿಕ್ಕಿತು. ಕೆಲಸ ಕಲಿಸಬೇಕಾದವರು ರಘೂತ್ತಮ ಅನ್ನುವ ಹಿರಿಯ ಆಪರೇಟರು. ಮೊದಲನೆಯ ದಿನ ಅವರು ಕುರ್ಚಿಯ ಮೇಲೂ ಕೂರಲಿಲ್ಲ.

"ಒಂದ ಮಾತ ಹೇಳತೇನಿ ಜಬೀನಾ, ಕೇಳಿದ ಮ್ಯಾಲೆ ಎದ್ದು ಹೋಗೂದಿದ್ರ ಹೋಗು. ನಿಮ್ಮಪ್ಪ ಕಂಬದ ಮ್ಯಾಲಿದ್ದಾಗ ಹ್ಯಾಂಡಲ್ ತಿರುವಿದ ಕೈ ಇದು. ನಂಬರ್ ಅವಂದ ಇತ್ತು, ಕ್ಲಿಯರ್ ಅಂತ ಕೇಳಿಸ್ತು. ಯಾರು ಅಂತ ನಾ ಕೇಳಲಿಲ್ಲ."

ಅವರು ಕೈಯನ್ನು ಮುಂದೆ ಚಾಚಿಯೇ ಇದ್ದರು. "ಡಿಕ್ಷನರಿಯೊಳಗ ಈ ಶಬ್ದಕ್ಕ ಒಂದ ಪುಟದಷ್ಟ ಅರ್ಥ ಅದಾವ, ನೋಡೇನಿ. ಈ ಖೋಲಿಯೊಳಗ ಮಾತ್ರ ಒಂದ. ನಾ ನೆಲದ ಮ್ಯಾಲೆ ನಿಂತೇನಿ, ಜೀವಂತ ಅದೇನಿ. ಅದನ್ನ ಆ ಮನಷ್ಯಾನ ಬಾಯಿಲೇನ ಕೇಳಬೇಕು. ಬ್ಯಾರೆ ಯಾರ ಬಾಯಿಲೆ ಬಂದ್ರೂ ಅದು ಸುಳ್ಳು."

ಜಬೀನ ಎದ್ದು ಹೋದಳು. ಆ ಮನುಷ್ಯನ ಮೇಲಿನ ಸಿಟ್ಟಿಗೆ ಎರಡು ದಿನ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಅವ್ವ ಶರೀಫಾಬಿ, "ಹೇಳದನ ಇದ್ದಿದ್ರ ನಿನಗ ಗೊತ್ತಾಗತಿತ್ತೇನ? ಹೇಳ್ಯಾನಲ್ಲ, ಅವನ ಕಡೇನ ಕಲಿ" ಅಂದಳು. ಮೂರನೆಯ ದಿನ ಜಬೀನ ತಿರುಗಿ ಬಂದಳು.

ರಘೂತ್ತಮ ಅವಳಿಗೆ ತಮ್ಮದೇ ಒಂದು ಪದ್ಧತಿ ಬಿಟ್ಟುಹೋದರು. ಯಾವ ಪುಸ್ತಕದಲ್ಲೂ ಇಲ್ಲದ ಪದ್ಧತಿ ಅದು. ಬೆಳಿಗ್ಗೆ ಸಹಿ ಹಾಕಲು ಬಂದ ಲೈನ್‌ಮನ್ ತನ್ನ ಬುತ್ತಿಯಲ್ಲಿ ಏನೇನಿದೆ ಅಂತ ಆಪರೇಟರಿಗೆ ಹೇಳಿ ಹೋಗಬೇಕು. ಕ್ಲಿಯರ್ ಅಂದಾಗ ಆಪರೇಟರು ಕೇಳುತ್ತಾರೆ, ಬುತ್ತಿಯಾಗ ಏನೈತಿ? ಸರಿಯಾಗಿ ಹೇಳಿದರೆ ಕರೆಂಟು. ಬೇರೆ ಸ್ಟೇಷನ್ನಿನವರು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಗಲಿ ಬಿಡಿ, ನಗುವವರ ಮನೆಯಲ್ಲಿ ಯಾರೂ ಸತ್ತಿರಲಿಲ್ಲ.

ಆ ನಾಲ್ಕರಲ್ಲಿ ಒಂದು ಲೈನಿನ ಲೈನ್‌ಮನ್ ಅರ್ಜುನಪ್ಪ. ಐವತ್ನಾಲ್ಕರ ಆಳು, ಸಕ್ಕರೆ ರೋಗ ಬೇರೆ. ತುಂಬಿದ ಹೊಟ್ಟೆಯಲ್ಲಿ ಕಂಬ ಹತ್ತಲು ಬರುವುದಿಲ್ಲ ಅಂತ ಅವನ ಹಟ. ಕೆಲಸ ಮುಗಿದು ಕಾಲು ನೆಲಕ್ಕೆ ಹತ್ತಿದ ಕೂಡಲೇ ಕಂಬದ ಬುಡದಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದ, ಮೊದಲ ರೊಟ್ಟಿ ಅಗಿಯುತ್ತಲೇ ಫೋನ್ ಮಾಡುತ್ತಿದ್ದ. ಹಾಗಾಗಿ ಅವನ ಕ್ಲಿಯರ್ ಯಾವಾಗಲೂ ಬಾಯಲ್ಲಿ ರೊಟ್ಟಿ ತುಂಬಿಕೊಂಡು ಅಂದ ಕ್ಲಿಯರ್.

ಅವತ್ತು ಏಪ್ರಿಲ್ಲಿನ ಬಿಸಿಲು. ಎರಡು ದಿನದ ಹಿಂದಿನ ಗಾಳಿಗೆ ಲೈನು ಕೆಟ್ಟು, ಒಂದು ಹಳ್ಳಿಗೆ ಆಗಿನಿಂದ ಕುಡಿಯುವ ನೀರಿನ ಮೋಟರು ನಡೆದಿರಲಿಲ್ಲ. ಬೆಳಿಗ್ಗೆ ಅರ್ಜುನಪ್ಪ ಸಹಿ ಹಾಕುತ್ತ ಹೇಳಿ ಹೋಗಿದ್ದ.

"ನಾಕ ರೊಟ್ಟಿ, ಪುಂಡಿಪಲ್ಲೆ, ಸೇಂಗಾ ಹಿಂಡಿ. ಬರಕೋ ಜಬೀನವ್ವ, ಹಿಂಡಿ ನಿನಗೂ ಕಟ್ಟಿದ್ದೆ, ಮನ್ಯಾಗ ಮರತೆ."

"ಮರತೋ, ತಿಂದೋ ಕಾಕಾ?"

ಮಧ್ಯಾಹ್ನ ಹನ್ನೆರಡೂಕಾಲಿಗೆ ಅವನ ಫೋನು ಬಂತು, ಜಬೀನ ಕರೆಂಟು ತೆಗೆದಳು. ತಾಸಿನ ಕೆಲಸ ಅಂದಿದ್ದ. ಒಂದೂವರೆ ಆಯಿತು, ಫೋನಿಲ್ಲ. ಎರಡಾಯಿತು. ಅವಳೇ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಹತ್ತುವಾಗ ಫೋನನ್ನು ಗಾಡಿಯ ಚೀಲದಲ್ಲೇ ಬಿಡುತ್ತಾನೆ, ಇನ್ನೂ ಮೇಲಿರಬೇಕು ಅಂತ ಸಮಾಧಾನ ಮಾಡಿಕೊಂಡಳು. ಎರಡೂವರೆಗೆ ಮತ್ತೆ ಮಾಡಿದಳು. ಆ ಸಮಾಧಾನವೂ ಆಗ ಅರ್ಧ ಆಯಿತು. ತಾನು ತಂದಿದ್ದ ಡಬ್ಬಿಯ ಮುಚ್ಚಳ ತೆಗೆದು, ತಿನ್ನಲಾರದೆ ಹಾಗೇ ಮುಚ್ಚಿದಳು.

ಎರಡು ಐವತ್ತಕ್ಕೆ ಫೋನು ಬಡಿಯಿತು. ಅರ್ಜುನಪ್ಪನ ನಂಬರು! ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು.

ಆ ಕಡೆ ಬರೀ ಗಾಳಿ, ಅದರ ನಡುವೆ ಒಂದು ಗೊಗ್ಗರು ದನಿ. "ಹಲೋ, ಅರ್ಜುನಪ್ಪ ಮಾತಾಡೋದ್ರಿ. ಕ್ಲಿಯರ್ ಐತಿ, ಲಗೂ ಬಿಡ್ರಿ."

ಅವಳ ಕೈ ಆಗಲೇ ಕೀಲಿಯ ಮೇಲಿತ್ತು. ದನಿ ಒಡೆದಿದೆ, ಪಾಪ, ಬಿಸಿಲಿಗೆ ಗಂಟಲು ಒಣಗಿದೆ ಅಂದುಕೊಂಡಳು. ನಂಬಬೇಕು ಅನ್ನಿಸಿದಾಗ ಮನಸ್ಸು ತಾನೇ ವಕೀಲಿ ಮಾಡುತ್ತದೆ. ಆದರೂ ರೂಢಿಯಂತೆ ಕೇಳಿದಳು.

"ಬುತ್ತಿಯಾಗ ಏನೈತಿ ಕಾಕಾ?"

ಆ ಕಡೆ ಏನೋ ಟಣ್ ಅಂದಿತು. ಆಮೇಲೆ ದನಿ ಬಂತು. "ರೊಟ್ಟಿ... ಪುಂಡಿಪಲ್ಲೆ. ಸೇಂಗಾ ಹಿಂಡಿ."

ಸರಿಯಾದ ಉತ್ತರ. ಒಂದೂ ತಪ್ಪಿಲ್ಲ. ಜಬೀನ ಕೆಂಪು ಹಲಗೆ ತೆಗೆದು ಟೇಬಲ್ಲಿನ ಮೇಲಿಟ್ಟಳು, ಕೀಲಿ ತಿರುವಿದಳು, ಬೀಗ ಕಳಚಿ ಕೈಗೆ ಬಂತು. ಹ್ಯಾಂಡಲ್ಲಿಗೆ ಕೈ ಹಾಕಿದಳು. ಆ ಟಣ್ ಅನ್ನುವ ಸದ್ದು ಮಾತ್ರ ಕಿವಿಯಲ್ಲಿ ಕೂತಿತ್ತು. ತನ್ನ ಡಬ್ಬಿಯದೂ ಅದೇ ಸದ್ದು. ಬುತ್ತಿಯಲ್ಲಿ ಏನಿದೆ ಅಂತ ಹೇಳಲು ಅರ್ಜುನಪ್ಪ ಯಾಕೆ ಮುಚ್ಚಳ ತೆಗೆದು ನೋಡಬೇಕು?

"ಕಾಕಾ, ರೊಟ್ಟಿ ಎಷ್ಟ ಅದಾವ?"

"ನಾಕ ಅದಾವ್ರಿ. ಯಾಕ್ರಿ?"

ಬಾಯಲ್ಲಿ ರೊಟ್ಟಿ ಇಲ್ಲದ ಕ್ಲಿಯರ್. ನಾಲ್ಕಕ್ಕೆ ನಾಲ್ಕೂ ರೊಟ್ಟಿ ಡಬ್ಬಿಯಲ್ಲೇ ಇವೆ. ಅರ್ಜುನಪ್ಪ ಇನ್ನೂ ಕೆಳಗೆ ಇಳಿದಿಲ್ಲ. ಹ್ಯಾಂಡಲ್ಲಿನಿಂದ ಕೈಯನ್ನು ಒಂದೊಂದೇ ಬೆರಳು ಬಿಡಿಸಿ ತೆಗೆಯಬೇಕಾಯಿತು ಅವಳಿಗೆ. ಬೀಗ ಮತ್ತೆ ಜಡಿದಳು. ಹಲಗೆ ತೂಗುಹಾಕುವಾಗ ಅದು ಎರಡು ಸಲ ಕೆಳಗೆ ಬಿತ್ತು.

"ನೀವು ಯಾರು?"

"ಅರ್ಜುನ..."

"ಅರ್ಜುನಪ್ಪ ಕಾಕಾ ಅಲ್ಲ ನೀವು! ಖರೇ ಹೇಳ್ರಿ, ಯಾರ ನೀವು? ಕಾಕಾ ಎಲ್ಲಿ?"

ಆ ಕಡೆಯವನ ದನಿ ಇಳಿಯಿತು. "ನಾ ಶಿವನಪ್ಪರಿ, ಊರಿಗೆ ನೀರ ಬಿಡಾಂವ. ಎರಡ ದಿನಾತ್ರಿ, ಹೆಣ್ಮಕ್ಕಳು ಕೊಡಾ ತಗೊಂಡ ನನ್ನ ಮನಿ ಮುಂದ ಕುಂತಾರ. ಇಲ್ಲಿ ಅರ್ಜುನಪ್ಪನ ಗಾಡಿ ಐತಿ, ಕೆಲಸದ ಹೊತ್ತಿಗೆ ತಂತಿಗೆ ಸಿಗಿಸೋ ಅರ್ಥಿಂಗ್ ಕೋಲು ಬಿಚ್ಚಿ ಗಾಡಿಗೆ ಕಟ್ಯಾನ. ಕಂಬದ ಮ್ಯಾಲೆ ಯಾರೂ ಇಲ್ಲ, ನನ್ನ ಕಣ್ಣಾರೆ ನೋಡಾಕತ್ತೇನಿ. ಕೆಲಸ ಮುಗಿಸಿ ಎಲ್ಲೋ ನೀರ ಕುಡ್ಯಾಕ ಹೋಗಿರಬೇಕ ತಗೋರಿ. ಒಂದ ಶಬ್ದ ಅನ್ನಾಕ ಅವನ ಹಾದಿ ಕಾಯಬೇಕೇನ್ರಿ?"

"ಆ ಒಂದ ಶಬ್ದ ನಿಮ್ಮದಲ್ಲರಿ! ಹುಡುಕ್ರಿ ಅವರನ್ನ."

ಅವನು ಗೊಣಗುತ್ತ ಫೋನು ಕಡಿದ.

ಕೆಡುಕ ಅನ್ನಲು ಬರುವಂಥ ಮನುಷ್ಯನಲ್ಲ ಶಿವನಪ್ಪ. ಕೆಡುಕನಾಗಿದ್ದರೆ ಅವಳಿಗೆ ಇಷ್ಟು ಅಂಜಿಕೆ ಆಗುತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಅಪ್ಪನ ಫೋನು ತೆಗೆದುಕೊಂಡವನೂ ಹೀಗೇ ಒಬ್ಬ ಸಾದಾ ಮನುಷ್ಯ ಇದ್ದಿರಬೇಕು, ಅವನ ಮನೆಯ ಮುಂದೂ ಯಾರೋ ಕೊಡ ಹಿಡಿದು ಕೂತಿದ್ದಿರಬೇಕು. ಇಷ್ಟು ದಿನ ಅವಳು ಆ ಗುರುತಿಲ್ಲದವನಿಗೆ ಕೋರೆಹಲ್ಲು ಕಲ್ಪಿಸಿಕೊಂಡಿದ್ದಳು. ಕೋರೆಹಲ್ಲಿಲ್ಲದ ಆ ಮುಖ ಈಗ ಇನ್ನೂ ಭಯಂಕರವಾಗಿ ಕಂಡಿತು.

ಇಪ್ಪತ್ತು ನಿಮಿಷದೊಳಗೆ ಸ್ಟೇಷನ್ನಿನ ಗೇಟಿಗೆ ಒಂದು ಟ್ರ್ಯಾಕ್ಟರು ಬಂದು ನಿಂತಿತು. ಹತ್ತು ಹನ್ನೆರಡು ಜನ ಇಳಿದರು. ಮುಂದಿದ್ದವನು ಪಂಚಾಯ್ತಿ ಮೆಂಬರ್ ಕನಕರಾಜ, ಅಂಗಿಯ ತೋಳು ಮೊದಲೇ ಏರಿಸಿಕೊಂಡಿದ್ದ. ಅದೇ ಹೊತ್ತಿಗೆ ಅವಳ ಸಾಹೇಬ ಶ್ರೀಧರರ ಫೋನೂ ಬರಬೇಕೇ!

"ಏನವಾ ಜಬೀನಾ, ಊರ ಮಂದಿ ನನ್ನ ತಲಿ ತಿನ್ನಾಕತ್ತಾರ. ಕಂಬ ಖಾಲಿ ಐತಂತಲ್ಲ? ಒಮ್ಮೆ ಟ್ರೈ ಮಾಡಿ ನೋಡು."

"ಟ್ರೈ ಮಾಡಾಕ ಅದೇನ ಬೋರಿನ ಮೋಟರ್ ಏನ್ ಸರ್? ಮ್ಯಾಲೆ ಮನಷ್ಯಾ ಇದ್ರ? ಬಿಡು ಅಂತ ವಾಟ್ಸಾಪಿನ್ಯಾಗ ಬರದು ಕಳಸ್ರಿ."

ಸಾಹೇಬರು, "ನೋಡವಾ, ನಿನಗ ಹ್ಯಾಂಗ ಸರಿ ಅನಸ್ತೈತಿ..." ಅಂದು ಇಟ್ಟುಬಿಟ್ಟರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ ಆ ಮನುಷ್ಯನದು.

ಕನಕರಾಜ ಒಳಗೇ ಬಂದ. "ಎಲ್ಲೈತಿ ಆ ಹ್ಯಾಂಡಲ್? ನಿಮಗ ಆಗದಿದ್ರ ನಾನ ತಿರುವತೇನಿ."

ಜಬೀನ ಪ್ಯಾನೆಲ್ಲಿಗೆ ಬೆನ್ನು ಕೊಟ್ಟು ನಿಂತಳು. ಕೀಲಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅದರ ಹಲ್ಲು ಅಂಗೈಗೆ ನಾಟಿತ್ತು. ಎಡಗೈಯಿಂದ ಟೇಬಲ್ಲಿನ ಮೇಲಿದ್ದ ಲಾಗ್‌ಬುಕ್ಕು ಎಳೆದು ಅವನ ಮುಂದೆ ತಳ್ಳಿದಳು.

"ತಿರುವೀರಂತ. ಮೊದಲ ಇಲ್ಲಿ ಬರೀರಿ. ಈ ಲೈನಿನ್ಯಾಗ ಯಾವ ಕಂಬದ ಮ್ಯಾಲೂ ಯಾರೂ ಇಲ್ಲ, ನಾ ನೋಡೇನಿ, ಕ್ಲಿಯರ್ ಅಂತ ಬರದು ಸಹಿ ಮಾಡ್ರಿ."

ಕನಕರಾಜ ಪೆನ್ನು ತೆಗೆದುಕೊಂಡ. "ಬರೀತೇನಿ, ಅದರಾಗೇನೈತಿ." ತಾರೀಖು ಬರೆದ. ಅಲ್ಲಿಗೆ ಪೆನ್ನು ನಿಂತಿತು.

"ಎಷ್ಟ ಕಂಬ ನೋಡೀರಿ ನೀವು?"

"ಶಿವನಪ್ಪ ಒಂದ ನೋಡ್ಯಾನ..."

"ಆ ಲೈನಿಗೆ ನೂರಾ ಹನ್ನೊಂದ ಕಂಬ ಅದಾವ್ರಿ."

ಬಾಯಲ್ಲಿ ದಿನಕ್ಕೆ ಐವತ್ತು ಸಲ ಅನ್ನುವ ಶಬ್ದ, ಬರೆಯಲು ಹೋದರೆ ಗಂಡಸಿನ ಕೈ ಏಳಲಿಲ್ಲ ನೋಡಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಸುಮ್ಮನೆ ಹೇಳಿದ್ದಾರೆಯೇ ಹಿರಿಯರು? ಕನಕರಾಜ ಪೆನ್ನು ಕೆಳಗಿಟ್ಟು ತಾನೇ ಶಿವನಪ್ಪನಿಗೆ ಫೋನ್ ಹಚ್ಚಿದ, ಎಲ್ಲರಿಗೂ ಕೇಳುವಂತೆ ದೊಡ್ಡದು ಮಾಡಿದ.

"ಶಿವನಪ್ಪಾ, ಕಂಬಗುಂಟ ನಡಿಯೋ ಮಾರಾಯಾ. ಪ್ರತಿಯೊಂದರ ಮ್ಯಾಲೂ ನೋಡು. ಫೋನ್ ಇಡಬ್ಯಾಡ."

ಎಲ್ಲರೂ ಕಿವಿಗೊಟ್ಟು ನಿಂತರು. ಒಣ ಹೆಂಟೆಯ ಮೇಲೆ ಚಪ್ಪಲಿಯ ಸದ್ದು, ಶಿವನಪ್ಪನ ಏದುಸಿರು. "ಇದರ ಮ್ಯಾಲೆ ಇಲ್ಲರಿ... ಇದರ ಮ್ಯಾಲೂ ಇಲ್ಲ... ಮುಂದ ಹಳ್ಳ ಬಂತ್ರಿ, ಜಾಲಿ ಕಂಟಿ ಭಾಳ ಅದಾವ, ಕಾಣವಲ್ದು." ಮುಳ್ಳಿಗೆ ಬಟ್ಟೆ ಸಿಕ್ಕಿ ಹರಿದ ಸದ್ದು. ಆಮೇಲೆ ನಡಿಗೆ ನಿಂತಿತು.

"ಅಯ್ಯೋ ಯಪ್ಪಾ! ಇಲ್ಲೇ ಅದಾನ್ರಿ! ಬೆಲ್ಟಿಗೆ ಜೋತ ಬಿದ್ದಾನ್ರಿ... ಎರಡೂ ಕೈ ತಂತಿ ಮ್ಯಾಲೆ ಅದಾವ..."

ಜಬೀನ ಕುಸಿದು ಕೂತಳು. ಎರಡೂ ಕೈ ತಂತಿಯ ಮೇಲೆ. ಆಗ ತಾನು ಆ ಹ್ಯಾಂಡಲ್ಲನ್ನು ಅರ್ಧ ಸುತ್ತು ತಿರುವಿದ್ದರೆ?

"ಜೀವಾ ಐತೇನೋ?" ಕನಕರಾಜ ಒದರಿದ.

"ಅಲಗಾಡವಲ್ಲ. ಒದರಿದ್ರ ಓ ಅನವಲ್ಲ."

"ನಿಚ್ಚಣಿಕಿ ಐತೇನು?" ಜಬೀನ ನೆಲದಿಂದಲೇ ಕೇಳಿದಳು.

"ಐತ್ರಿ, ಕಂಬಕ್ಕ ಆನಿಸಿದ್ದು ಹಂಗ ಐತಿ."

"ಹತ್ರಿ. ಲಗೂ ಹತ್ತಿ ಅವರನ್ನ ಹಿಡೀರಿ."

ಶಿವನಪ್ಪ ಸಣ್ಣ ಮಗುವಿನಂತೆ ಕೇಳಿದ. "ಮೇಡಮ್... ಕರೆಂಟ್ ಖರೇನ ಇಲ್ಲಲ್ರಿ? ನನಗ ಮೂರ ಮಕ್ಕಳರಿ. ಖರೇ ಹೇಳ್ರಿ, ಕ್ಲಿಯರ್ ಐತೇನ್ರಿ?"

ಅರ್ಧ ತಾಸಿನ ಹಿಂದೆ ಇದೇ ಬಾಯಿ ಅದೇ ಶಬ್ದವನ್ನು ಎಲೆ ಅಡಿಕೆಯಂತೆ ಉಗುಳಿತ್ತು. ಜಬೀನಳಿಗೆ ಅವನ ಮೇಲೆ ಸಿಟ್ಟು ಉಕ್ಕಿ ಬಂತು, ಅದರ ಬೆನ್ನಿಗೇ ಅಯ್ಯೋ ಅನ್ನಿಸಿತು. ಅವನು ಹೆದರಿದ್ದ. ಅವಳಷ್ಟೇ ಹೆದರಿದ್ದ.

"ಕೇಳ್ರಿ ಶಿವನಪ್ಪ. ನಾ ಜಬೀನ ಮಾತಾಡಾಕತ್ತೇನಿ, ಮೋದಿನಸಾಬರ ಮಗಳು. ಬೀಗ ಹಾಕೇನಿ, ಕೀಲಿ ನನ್ನ ಮುಷ್ಟಿಯಾಗ ಐತಿ. ನೀವು ಇಬ್ಬರೂ ನೆಲಕ್ಕ ಬರೂತನಕ ಈ ಮುಷ್ಟಿ ತಗಿಯಂಗಿಲ್ಲ. ಕ್ಲಿಯರ್ ಐತಿ. ಹತ್ರಿ."

ಶಿವನಪ್ಪ ಅಳುತ್ತಲೇ ಹತ್ತಿದ. ಒಂದೊಂದು ಮೆಟ್ಟಿಲಿಗೂ ಅವನ ದೇವರ ಹೆಸರು ಕೇಳಿಸುತ್ತಿತ್ತು. ಕನಕರಾಜ ಮತ್ತು ಜನ ಹಗ್ಗ ತೆಗೆದುಕೊಂಡು ಟ್ರ್ಯಾಕ್ಟರಿಗೆ ಓಡಿದರು. ಫೋನು ಅವರ ಜೊತೆ ಹೋಯಿತು, ಸದ್ದೂ ಹೋಯಿತು. ಜಬೀನ ಒಬ್ಬಳೇ ಉಳಿದಳು.

ಆ ಮುಕ್ಕಾಲು ತಾಸು ಅವಳು ಹೇಗೆ ಕಳೆದಳು ಅಂತ ಕೇಳಬೇಡಿ. ನೀರು ಕುಡಿಯಲು ಏಳಲಿಲ್ಲ. ಎದ್ದರೆ ಮುಷ್ಟಿ ಬಿಚ್ಚಬೇಕಾಗುತ್ತದೆ ಅನ್ನುವ ಹುಚ್ಚು ಹೆದರಿಕೆ. ಯಾ ಅಲ್ಲಾ, ನಮ್ಮ ಅಪ್ಪನ್ನ ಕರಕೊಂಡಿ, ಇವರನ್ನಾದರೂ ಬಿಡು ಅಂತ ಅಂದುಕೊಳ್ಳುತ್ತಿದ್ದಳು. ಕಿಡಕಿಯಾಚೆ ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ರೆಕ್ಕೆ ತಿರುಗುತ್ತಲೇ ಇದ್ದವು. ಕರೆಂಟು ಕರೆದು ಕರೆದು ತಂದಂತೆ ತಿರುಗುತ್ತಿದ್ದವು, ಅವನ್ನೂ ಯಾರಾದರೂ ನಿಲ್ಲಿಸಬಾರದೇ ಅನ್ನಿಸಿತು ಅವಳಿಗೆ.

ನಾಲ್ಕೂಕಾಲಿಗೆ ಫೋನು ಬಂತು. ಅರ್ಜುನಪ್ಪನ ನಂಬರು. ಎತ್ತಲು ಧೈರ್ಯ ಬರಲಿಲ್ಲ. ಮತ್ತೆ ಯಾವ ದನಿಯೋ! ನಾಲ್ಕನೆಯ ರಿಂಗಿಗೆ ಎತ್ತಿ ಕಿವಿಗೆ ಹಿಡಿದಳು, ಹಲೋ ಅನ್ನಲಿಲ್ಲ.

"ಜಬೀನವ್ವಾ."

ಬಾಯಲ್ಲಿ ರೊಟ್ಟಿ ಇತ್ತು. ದನಿ ಸೋತಿತ್ತು, ಆದರೆ ಬಾಯಲ್ಲಿ ರೊಟ್ಟಿ ಇತ್ತು.

"ಒಂದ ಕಂಬದ ಕೆಲಸ ಮುಗೀತು, ಮೂರ ಕಂಬದಾಚೆ ಇನ್ನೊಂದ ತಂತಿ ಸಡ್ಲಾಗಿದ್ದು ಕಂಡ್ತು. ಎರಡ ನಿಮಿಷದ್ದು ಅಂತ ಉಣ್ಣದನ ಹತ್ತಿದೆ. ಕಣ್ಣಿಗೆ ಕತ್ತಲಿ ಬಂತವ್ವ, ಮುಂದ ಏನೂ ಗೊತ್ತಿಲ್ಲ. ಇವರು ಬೆಲ್ಲದ ನೀರ ಕುಡಿಸ್ಯಾರ. ದವಾಖಾನಿಗೆ ಒಯ್ಯಾಕ ಗಾಡಿ ಬಂದೈತಿ. ಮೊದಲ ಈ ಮಾತ ಮುಗಸೂಣು ಅಂದೆ, ಇದನ್ನ ಬ್ಯಾರೆಯವರು ಹೇಳಾಕ ಬರಂಗಿಲ್ಲಲ್ಲ. ಕ್ಲಿಯರ್."

ಜಬೀನ ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದಳು.

"ಕೇಳವ್ವಾ, ಬುತ್ತಿ ಕೇಳು. ಕೇಳದನ ಬಿಡಬ್ಯಾಡ."

"ಬುತ್ತಿಯಾಗ... ಏನೈತಿ ಕಾಕಾ?"

"ಎರಡ ರೊಟ್ಟಿ ಉಳದಾವ. ಒಂದ ನನ್ನ ಬಾಯಾಗ ಐತಿ, ಒಂದ ಶಿವನಪ್ಪನ ಕೈಯಾಗ. ತಿನ್ನವಲ್ಲ, ಹಿಡಕೊಂಡ ಅಳಾಕತ್ತಾನ."

ಅವಳಿಗೆ ನಗುವೂ ಅಳುವೂ ಕೂಡಿಯೇ ಬಂದವು. ಎಲ್ಲರನ್ನೂ ಲೈನಿನಿಂದ ದೂರ ಸರಿಸಲು ಹೇಳಿದಳು. ನಿಚ್ಚಣಿಕೆ ತೆಗೆದಿರೇನು ಕೇಳಿದಳು, ಕೋಲು ಬಿಚ್ಚಿದಿರೇನು ಕೇಳಿದಳು, ತಲೆ ಎಣಿಸಲು ಹೇಳಿದಳು, ಎರಡು ಸಲ ಎಣಿಸಿದರು. ಕೆಂಪು ಹಲಗೆ ಇಳಿಸಿದಳು. ಮುಷ್ಟಿ ಬಿಚ್ಚಿ ಬೀಗ ತೆಗೆದಳು. ಅಂಗೈಯಲ್ಲಿ ಕೀಲಿಯ ಗುರುತು ಕೆಂಪಗೆ ಮೂಡಿತ್ತು. ಹ್ಯಾಂಡಲ್ ಹಿಡಿದಳು.

ಕೈ ತಿರುಗಲಿಲ್ಲ. ಎಲ್ಲ ಸರಿಯಿದೆ, ಅವನೇ ಹೇಳಿದ್ದಾನೆ, ಅವನ ಬಾಯಿಂದಲೇ ಕೇಳಿದ್ದಾಳೆ, ಆದರೂ ತಿರುಗಲಿಲ್ಲ. ಆ ಊರಿನಲ್ಲಿ ಹೆಂಗಸರು ಕೊಡ ಹಿಡಿದು ಕೂತಿದ್ದರು.

"ಕಾಕಾ, ಫೋನ್ ಇಡಬ್ಯಾಡ್ರಿ."

"ಇಡಂಗಿಲ್ಲವ್ವ."

ಕಣ್ಣು ಮುಚ್ಚಿ ತಿರುವಿದಳು. ಢಬ್ ಅಂತ ಬ್ರೇಕರ್ ಕೂತಿತು, ಮೀಟರಿನ ಮುಳ್ಳು ನಡುಗಿ ಮೇಲೆದ್ದಿತು. ಫೋನಿನಲ್ಲಿ ಬರೀ ಗಾಳಿ.

"ಕಾಕಾ?"

ಗಾಳಿ.

"ಕಾಕಾ!"

"ಅದೇನಿ ಅವ್ವ, ಇಲ್ಲೇ ಅದೇನಿ. ರೊಟ್ಟಿ ನುಂಗಾಕತ್ತಿದ್ದೆ."

ಜಬೀನ ಕುರ್ಚಿಯ ಮೇಲೆ ಕೂತು ಲಾಗ್‌ಬುಕ್ಕು ಎಳೆದುಕೊಂಡಳು. ಕನಕರಾಜ ಬರೆದು ಬಿಟ್ಟಿದ್ದ ತಾರೀಖಿನ ಮುಂದೆ ಹೊತ್ತು ಬರೆಯಲು ಹೋದಳು, ಅಕ್ಷರ ಗೆರೆಯ ಮೇಲೆ ನಿಲ್ಲಲಿಲ್ಲ. ಫೋನನ್ನು ಇನ್ನೂ ಕಿವಿಯಿಂದ ತೆಗೆದಿರಲಿಲ್ಲ.

"ಇನ್ನೊಮ್ಮೆ ಅನ್ರಿ ಕಾಕಾ."

"ಅದೇನಿ ಅವ್ವ, ಇಲ್ಲೇ ಅದೇನಿ" ಅಂದ ಅರ್ಜುನಪ್ಪ.